ಸಂಸಾರದ ಗೇಮ್ ಪೂರ್ತಿ ಬರಬೇಕಾ, ಕಂತಲ್ಲಿ ಬಂದರೂ ಆದೀತಾ?

ಕುಂಬಳೆ ಹುಡುಗ:
ಮನೆ ಕಟ್ಟಿ ಸಂಸಾರ ನಡೆಸುವ ಗೇಮ್ ಒಂದು ಕೊಂಡೆ. ಮಳೆ ಬೇಕಾದರೆ ಬೇರೆ ಪ್ಯಾಕ್, ನಾಯಿ ಸಾಕಲು ಇನ್ನೊಂದು. ಒಕ್ಕಲಾದ ಮೇಲೆ ಬಚ್ಚಲಿಗೆ ಬೇರೆ ದುಡ್ಡು ಕೇಳಿದ ಹಾಗಾಯಿತು. ಮೊದಲೇ ಪೂರ್ತಿ ಕೊಡಬಾರದಾ?

ಬದಿಯಡ್ಕದ ಅಕ್ಕ:
ಹಳೇ ಕಥೆ ಮಾರಾಯ. ಇಂಥದ್ದೇ ಸಂಸಾರದ ಗೇಮ್ ದಿ ಸಿಮ್ಸ್ 4 ಬಂದದ್ದು 2014ರಲ್ಲಿ, ಆಗ ಈಜುಕೊಳವೂ ಇಲ್ಲ, ನಡೆಯಲು ಕಲಿಯುವ ಪುಟ್ಟ ಮಕ್ಕಳೂ ಇಲ್ಲ. ಕೊಳ ಅದೇ ವರ್ಷ ಬಂತು, ಮಕ್ಕಳು ಬರುವಾಗ 2017. ಎರಡೂ ಪುಕ್ಕಟೆ, ಸರಿ, ಆದರೆ ಸಂಸಾರದ ಆಟದಲ್ಲಿ ಮಗು ತೊಟ್ಟಿಲಿಂದ ಎದ್ದು ಸೀದಾ ಶಾಲೆಗೆ ಹೋಗುವುದಾ?

ಮಂಜೇಶ್ವರದವ:
ಪೂರ್ತಿ ಅಂದರೆ ಎಷ್ಟು ಅಂತ ಹೇಳಿ ನೋಡುವಾ. ಮಳೆ, ನಾಯಿ, ಕಾಲೇಜು ಅಂತ ಸೇರಿಸುತ್ತಾ ಕೂತರೆ ಗೇಮ್ ಹೊರಗೇ ಬರುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಅಂತ ಬೇಸಾಯದ ಗೇಮ್ ನೋಡಿ, ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು, 2016ರಲ್ಲಿ ಬಂದಾಗಲೇ ಬೇಸಾಯ, ಮೀನು, ಮದುವೆ ಎಲ್ಲ ಇತ್ತು, ಆಮೇಲೆ 2024ರ 1.6 ಆವೃತ್ತಿಯವರೆಗೂ ದೊಡ್ಡ ಅಪ್‌ಡೇಟ್‌ಗಳಿಗೆ ಒಂದು ಪೈಸೆ ಕೇಳಲಿಲ್ಲ. ನನಗೆ ಆ ಲೆಕ್ಕ ಇಷ್ಟ.

ಕುಂಬಳೆ ಹುಡುಗ:
ನಾಯಿಯನ್ನು ಆಫರ್ ಬಂದಾಗ ತಗೊಳ್ತೇನೆ. ಮಳೆ ಸುಮ್ನೆ ಯಾಕೆ, ಜೂನಿಂದ ನಮ್ಮಲ್ಲೇ ಬೇಕಾದಷ್ಟು ಉಂಟಲ್ಲ.