ಕೊಲೆಸ್ಟ್ರಾಲ್ ಮಾತ್ರೆಯಿಂದ ಮೈಯಲ್ಲಿರುವ ಪೋಷಕಾಂಶ ಕಡಿಮೆ ಆಗುತ್ತಾ?

ಪ್ರಶ್ನೆ

ಅಮ್ಮನಿಗೆ 63 ವರ್ಷ. ದಿನಾ ರಾತ್ರಿ ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ. ತೆಗೆದುಕೊಳ್ಳುತ್ತಾರೆ. ಈಚೆಗೆ ಎರಡೂ ತೊಡೆಗಳಲ್ಲಿ ನೋವು, ಮೆಟ್ಟಿಲು ಹತ್ತುವಾಗ ಜಾಸ್ತಿ. ಈ ಮಾತ್ರೆ ಕೋಎನ್ಜೈಮ್ ಕ್ಯೂ10 (ಜೀವಕೋಶಗಳು ಶಕ್ತಿ ತಯಾರಿಸಲು ಬಳಸುವ ವಸ್ತು) ಮತ್ತು ವಿಟಮಿನ್‌ಗಳನ್ನೆಲ್ಲ ಖಾಲಿ ಮಾಡುತ್ತದೆ ಎಂದು ಯಾರೋ ಹೇಳಿದ್ದಾರೆ. ಈಗ ಮಾತ್ರೆಯೇ ಬೇಡ ಅಂತ ಕೂತಿದ್ದಾರೆ. ಏನು ಹೇಳಲಿ?

ಉತ್ತರ 1

ನಾನು ಫಾರ್ಮಸಿಸ್ಟ್. ಮೊದಲು ಅಮ್ಮನಿಗೆ ಹೇಳಿ: ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹಾಗಂತ ನೋವನ್ನು ಸುಮ್ನೆ ಸಹಿಸಿಕೊಳ್ಳುವುದೂ ಬೇಡ.

ಕ್ಯೂ10 ವಿಷಯ ಪೂರ್ತಿ ಸುಳ್ಳಲ್ಲ. ಜೀವಕೋಶಗಳು ಕೊಲೆಸ್ಟ್ರಾಲನ್ನೂ ಕ್ಯೂ10ನ್ನೂ ಮಾಡಿಕೊಳ್ಳುವುದು ಮೆವಲೋನೇಟ್ ಎಂಬ ಒಂದೇ ವಸ್ತುವಿನಿಂದ. ಸ್ಟಾಟಿನ್ (ಅಮ್ಮನ ಅಟೊರ್ವಾಸ್ಟಾಟಿನ್ ಇರುವ ಔಷಧಿ ಗುಂಪು) ತಡೆಯುವುದು ಆ ಮೆವಲೋನೇಟ್ ತಯಾರಾಗುವುದನ್ನೇ. ಒಂದೇ ಕಾಲುವೆಯಿಂದ ಎರಡು ಗದ್ದೆಗೆ ನೀರು ಹೋಗುತ್ತಿದ್ದರೆ, ತೂಬು ಇಳಿಸಿದಾಗ ಎರಡಕ್ಕೂ ಕಡಿಮೆ ಆಗುತ್ತದೆ ಅಲ್ವಾ? ಹಾಗೆ.

ಆದರೆ ಇನ್ನೊಂದು ಮಾತಿದೆ, ಇದನ್ನು ಯಾರೂ ಹೇಳುವುದಿಲ್ಲ. ರಕ್ತದಲ್ಲಿ ಕ್ಯೂ10 ಓಡಾಡುವುದು ಹೆಚ್ಚಾಗಿ ಎಲ್‌ಡಿಎಲ್ ಕಣಗಳ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) ಜೊತೆ. ಎಲ್‌ಡಿಎಲ್ ಇಳಿದರೆ ರಕ್ತದ ಕ್ಯೂ10 ಕೂಡ ಇಳಿದಂತೆ ಕಾಣುತ್ತದೆ. ಸ್ನಾಯುವಿನೊಳಗೆ ಅಷ್ಟೇ ಇಳಿಯುತ್ತದೆ ಎಂದು ಅದರಿಂದ ಹೇಳಲಾಗದು. ಕ್ಯೂ10 ಕ್ಯಾಪ್ಸೂಲ್ ಕೊಟ್ಟು ನೋಡಿದ ಅಧ್ಯಯನಗಳಲ್ಲೂ ಕೆಲವದರಲ್ಲಿ ನೋವು ಕಡಿಮೆಯಾಗಿದೆ, ಕೆಲವದರಲ್ಲಿ ಏನೂ ಆಗಿಲ್ಲ. ಹಾಗಾಗಿ ಅದನ್ನೇ ನಂಬಿ ಕೂರಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಿಕೆ (ಸ್ನಾಯುವಿಗೆ ಹಾನಿಯಾಗಿದೆಯಾ ತೋರಿಸುವ ರಕ್ತಪರೀಕ್ಷೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ವಿಟಮಿನ್ ಡಿ ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳುತ್ತಿದ್ದೆ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈಕೈ ನೋವೂ ಬರುತ್ತದೆ. ವಿಟಮಿನ್ ಡಿ ಕೊರತೆಯಿಂದಲೂ ನೋವು ಬರುತ್ತದೆ. ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟುವ ಮೊದಲು ಇವನ್ನು ನೋಡಲೇಬೇಕು. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ತುಂಬಾ ನಿಶ್ಶಕ್ತಿ ಆದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಉತ್ತರ 2

ವಿಟಮಿನ್ ಕಡಿಮೆ ಮಾಡುವ ಕೊಲೆಸ್ಟ್ರಾಲ್ ಔಷಧಿ ಬೇರೆಯೇ ಇದೆ. ನನ್ನ ಅಪ್ಪ ನೀರಿಗೆ ಕಲಸಿ ಕುಡಿಯುತ್ತಿದ್ದ ಕೊಲೆಸ್ಟೈರಮೀನ್ ಪುಡಿ ಅಂಥದ್ದು. ಅದು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದಿಡುತ್ತದೆ. ಆಗ ಎ, ಡಿ, ಇ, ಕೆ ವಿಟಮಿನ್‌ಗಳು ಸರಿಯಾಗಿ ಮೈಗೆ ಸೇರುವುದಿಲ್ಲ. ಫೋಲಿಕ್ ಆಮ್ಲವೂ ಕಡಿಮೆ ಆಗಬಹುದು. ಬೇರೆ ಮಾತ್ರೆಗಳನ್ನು ಪುಡಿಗೆ 1 ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ನಂತರ ತೆಗೆದುಕೊಳ್ಳಲು ಅಪ್ಪನಿಗೆ ಹೇಳಿದ್ದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಹತ್ತಿರ ಹೋಗಲು ಅಮ್ಮ ಒಪ್ಪಿದ್ದಾರೆ. ಮಾತ್ರೆ ಬದಲು ರೆಡ್ ಯೀಸ್ಟ್ ರೈಸ್ (ಕೆಂಪು ಯೀಸ್ಟ್ ಬೆಳೆಸಿದ ಅಕ್ಕಿಯಿಂದ ಮಾಡಿದ್ದು) ಕೊಡಬಹುದಾ? ಅದು ನೈಸರ್ಗಿಕ ಅಂತಾರಲ್ಲ?

ಉತ್ತರ 1

ದಯವಿಟ್ಟು ಬೇಡ. ಅದರಲ್ಲಿರುವ ಮೊನಾಕೋಲಿನ್ ಕೆ ಮತ್ತು 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೋವಾಸ್ಟಾಟಿನ್ ಎಂಬ ಸ್ಟಾಟಿನ್ ಎರಡೂ ಒಂದೇ. ಅದರಿಂದಲೂ ಸ್ನಾಯು ನೋವು ಬರಬಹುದು, ಮೇಲಾಗಿ ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂಬ ಖಾತ್ರಿಯೂ ಇಲ್ಲ. ನೋವು ಸ್ಟಾಟಿನ್‌ನಿಂದಲೇ ಎಂದಾದರೆ ಪ್ರಮಾಣ ತಗ್ಗಿಸಬಹುದು, ರೋಸುವಾಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್‌ಗೆ ಬದಲಿಸಬಹುದು, ಸ್ಟಾಟಿನ್ ಅಲ್ಲದ ಎಜೆಟಿಮೈಬ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಡಾಕ್ಟರ ಹತ್ತಿರ ಇಷ್ಟೆಲ್ಲ ದಾರಿಗಳಿವೆ. ಹೋಗುವಾಗ ಅಮ್ಮ ನುಂಗುವ ಎಲ್ಲ ಮಾತ್ರೆಗಳ ಹೆಸರನ್ನೂ ಬರೆದುಕೊಂಡು ಹೋಗಿ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಇದ್ದರಂತೂ ಹೇಳಲೇಬೇಕು, ಕ್ಯೂ10 ಅದರ ಪರಿಣಾಮವನ್ನು ತಗ್ಗಿಸಬಲ್ಲದು.