ಟೊಡೂಯಿಸ್ಟ್, ಟು ಡು, ಗೂಗಲ್ ಟಾಸ್ಕ್ಸ್: ಯಾವುದನ್ನು ಉಳಿಸಿಕೊಳ್ಳಲಿ?

ಪ್ರಶ್ನೆ:
ಆಫೀಸ್ ಕೆಲಸ, ಅಮ್ಮನ ಮಾತ್ರೆ, ಕರೆಂಟ್ ಬಿಲ್ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಲು ಹೋಗಿ ಕಳೆದ ತಿಂಗಳು ಮಗನ ಫೀಸ್ ಕಟ್ಟುವುದೇ ಮರೆತುಹೋಯಿತು. ತುಂಬಾ ಬೇಜಾರಾಯಿತು. ಈಗ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಈ ಮೂರೂ ಆ್ಯಪ್ ಹಾಕಿಕೊಂಡಿದ್ದೇನೆ, ಮೂರರಲ್ಲೂ ಅರ್ಧಂಬರ್ಧ ಪಟ್ಟಿ. ದುಡ್ಡು ಕೊಡದೆ ಯಾವುದು ಸಾಕು?

ಉತ್ತರ 1:
ಮೊದಲು ಎರಡನ್ನು ತೆಗೆದುಹಾಕಿ. ನಾನು ವಂಡರ್‌ಲಿಸ್ಟ್ ಎಂಬ ಇಂಥದ್ದೇ ಆ್ಯಪ್ ಬಳಸುತ್ತಿದ್ದೆ, 2020ರಲ್ಲಿ ಅದು ನಿಂತಾಗ ಮೈಕ್ರೋಸಾಫ್ಟ್ ಟು ಡುಗೆ ಬಂದೆ. ಪೂರ್ತಿ ಉಚಿತ. ಅದರ 'ಮೈ ಡೇ' ಪುಟ ಪ್ರತಿ ರಾತ್ರಿ ಖಾಲಿಯಾಗುತ್ತದೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವತ್ತಿನ ನಾಲ್ಕೈದು ಕೆಲಸ ನಾವೇ ಆರಿಸಬೇಕು, ಮುಗಿಯದೆ ಉಳಿದದ್ದು ಎಲ್ಲೂ ಹೋಗುವುದಿಲ್ಲ, ಮೂಲ ಪಟ್ಟಿಯಲ್ಲೇ ಇರುತ್ತದೆ. ದಿನಸಿ ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಳ್ಳಬಹುದು.

ಉತ್ತರ 2:
ನನಗೆ ಟೊಡೂಯಿಸ್ಟೇ ಇಷ್ಟ. 'ಜಿಮ್ ಎವ್ರಿ ಮಂಡೇ' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು, ಪ್ರತಿ ಸೋಮವಾರಕ್ಕೆ ತಾನೇ ಹಾಕಿಕೊಳ್ಳುತ್ತದೆ. ಆದರೆ ಉಚಿತ ಖಾತೆಯಲ್ಲಿ 5 ಪ್ರಾಜೆಕ್ಟ್ (ಅಂದರೆ ಬೇರೆ ಬೇರೆ ಪಟ್ಟಿ) ಮಾತ್ರ. ಒಬ್ಬರಿಗೆ ಅಷ್ಟು ಸಾಕಲ್ವಾ?

ಉತ್ತರ 3:
ದಿನವಿಡೀ ಜಿಮೇಲ್‌ನಲ್ಲೇ ಇರುವವರಾದರೆ ಗೂಗಲ್ ಟಾಸ್ಕ್ಸ್ ನೋಡಿ. ಮೇಲ್ ಅನ್ನೇ ಟಾಸ್ಕ್ ಮಾಡಬಹುದು, ದಿನಾಂಕ ಕೊಟ್ಟರೆ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ಒಂದು ಮಾತು, ಅಮ್ಮನ ಮಾತ್ರೆಯನ್ನು ದಯವಿಟ್ಟು ಯಾವ ಪಟ್ಟಿಗೂ ಬಿಡಬೇಡಿ, ಅದಕ್ಕೆ ಫೋನಿನ ಅಲಾರಾಂ ಇಡಿ.

ಪ್ರಶ್ನೆ ಕೇಳಿದವರು:
ಅಲಾರಾಂ ಈಗಲೇ ಇಟ್ಟೆ. ಮನೆಯವರ ಜೊತೆ ಹಂಚಿಕೊಳ್ಳುವುದು ಜಾಸ್ತಿ ಇರುವುದರಿಂದ ಒಂದು ತಿಂಗಳು ಟು ಡು ಒಂದನ್ನೇ ಬಳಸುತ್ತೇನೆ.