ಬೆಂಗಳೂರಲ್ಲಿ ಒಬ್ಬರ ಮೇಲೆ ವಾರೆಂಟ್ ಇದ್ಯಾ ಅಂತ ಆನ್‌ಲೈನಲ್ಲಿ ನೋಡೋಕಾಗುತ್ತಾ?

ಹೇಮಾವತಿ_ದಡ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮಣ್ಣ 2019ರ ತನಕ ಬೆಂಗಳೂರಲ್ಲಿದ್ದ, ಆಮೇಲೆ ಕೆಲಸ ಹೋಗಿ ಊರಿಗೆ ಬಂದ್ಬಿಟ್ಟ. ಅಲ್ಲಿದ್ದಾಗ ಒಂದು ಫೈನಾನ್ಸಲ್ಲಿ ಸಾಲ ತಗೊಂಡು ಸೆಕ್ಯೂರಿಟಿಗೆ ಅಂತ ಸೈನ್ ಹಾಕಿದ ಖಾಲಿ ಚೆಕ್ ಕೊಟ್ಟಿದ್ನಂತೆ, ನಮಗ್ಯಾರಿಗೂ ಹೇಳಿರ್ಲಿಲ್ಲ. ಮೊನ್ನೆ ಅವನಿದ್ದ ಬಾಡಿಗೆ ಮನೆ ಓನರ್ ಫೋನ್ ಮಾಡಿ, ಠಾಣೆಯಿಂದ ಪೇದೆಯೊಬ್ರು ಬಂದಿದ್ರು, ನಿಮ್ಮಣ್ಣನ ಮೇಲೆ ವಾರೆಂಟ್ ಇದೆ ಅಂದ್ರು, ಎಲ್ಲಿದ್ದಾನೆ ಅಂತ ಕೇಳಿದ್ರು ಅಂದ್ರು. ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ, ಗೇಟ್ ಸದ್ದಾದ್ರೂ ಬೆಚ್ಚಿ ಬೀಳ್ತಾರೆ.

ಪೊಲೀಸ್ ವೆಬ್‌ಸೈಟಲ್ಲಿ ಎಫ್‌ಐಆರ್ ಹುಡುಕಿದೆ, ಅದು ನಂಬರ್ ಕೇಳುತ್ತೆ, ನಂಬರ್ ನಮ್ಮತ್ರ ಇಲ್ಲ. ಅಮೆರಿಕದಲ್ಲಿ ಎಷ್ಟೋ ಕೌಂಟಿಗಳ ವೆಬ್‌ಸೈಟಲ್ಲಿ ಬರೀ ಹೆಸರು ಹಾಕಿದ್ರೆ ವಾರೆಂಟ್ ಲಿಸ್ಟ್ ಬರುತ್ತಂತೆ, ನಮ್ಮಲ್ಲಿ ಹಂಗೇನಾದ್ರೂ ಇದ್ಯಾ? ದುಡ್ಡು ಕಟ್ಟಿದ್ರೆ ಯಾರ ಕ್ರಿಮಿನಲ್ ರೆಕಾರ್ಡ್ ಬೇಕಾದ್ರೂ ತೆಗೆದುಕೊಡ್ತೀವಿ ಅನ್ನೋ ಒಂದು ಸೈಟ್ ಸಿಕ್ತು, ಅದನ್ನ ನಂಬಬಹುದಾ?

ಗುಮಾಸ್ತ_ಶಿವಣ್ಣ:
ಮೊದಲು ಆ ದುಡ್ಡು ಕೇಳೋ ಸೈಟ್ ಕ್ಲೋಸ್ ಮಾಡಿ. ನಾನು ವಕೀಲರ ಆಫೀಸಲ್ಲಿ ಗುಮಾಸ್ತನಾಗಿ ಬಹಳ ವರ್ಷ ಇದ್ದೀನಿ, ಅವರು ನೋಡೋದು ನೀವು ಪುಕ್ಕಟೆ ನೋಡಬಹುದಾದ ಕೋರ್ಟ್ ಡೇಟಾನೇ, ಅದ್ರ ಮೇಲೆ ಹೆಸರು ಒಂದೇ ಅಂತ ಬೇರೆ ಯಾರದ್ದೋ ಕೇಸ್ ನಿಮಗೆ ಅಂಟಿಸಿಕೊಡ್ತಾರೆ.

ಈಗ ವಿಷಯ. ನಮ್ಮಲ್ಲಿ ಸಾರ್ವಜನಿಕರು ಹೆಸರು ಹಾಕಿ ನೋಡೋಂಥ ವಾರೆಂಟ್ ಲಿಸ್ಟ್ ಅಂತ ಒಂದಿಲ್ಲ. ವಾರೆಂಟ್ ಅನ್ನೋದು ಕೋರ್ಟಿನ ಒಂದು ಕೇಸಿನೊಳಗೆ ಒಂದು ದಿನದ ಆರ್ಡರ್, ಅಷ್ಟೇ. ಹಾಗಾಗಿ ವಾರೆಂಟ್ ಹುಡುಕಬೇಡಿ, ಕೇಸ್ ಹುಡುಕಿ, ಕೇಸ್ ಸಿಕ್ರೆ ವಾರೆಂಟ್ ಅದ್ರೊಳಗೇ ಇರುತ್ತೆ.

ಮತ್ತೆ ನಿಮ್ಮ ಅಣ್ಣಂದು ಚೆಕ್ ಬೌನ್ಸ್ ಆಗಿದ್ರೆ ಎಫ್‌ಐಆರ್ ಇರೋದೇ ಇಲ್ಲ. ಎನ್‌ಐ ಆಕ್ಟ್ 138 (ಚೆಕ್ ಬೌನ್ಸ್ ಅಪರಾಧದ ಕಲಂ) ಅಂದ್ರೆ ದುಡ್ಡು ಕೊಟ್ಟೋರು ನೇರವಾಗಿ ಮ್ಯಾಜಿಸ್ಟ್ರೇಟ್ ಹತ್ರ ಖಾಸಗಿ ದೂರು ಹಾಕೋದು, ಪೊಲೀಸರು ಅದ್ರಲ್ಲಿ ಬರೋದು ಸಮನ್ಸ್ ಕೊಡೋಕೆ, ವಾರೆಂಟ್ ಜಾರಿ ಮಾಡೋಕೆ ಮಾತ್ರ. ಎಫ್‌ಐಆರ್ ಸಿಗ್ಲಿಲ್ಲ ಅಂದ್ರೆ ಕೇಸೇ ಇಲ್ಲ ಅಂದ್ಕೊಂಡು ಸುಮ್ನಾಗೋರು ಎಷ್ಟೋ ಜನ, ಅಲ್ಲೇ ಮೋಸ ಹೋಗೋದು.

ಇ-ಕೋರ್ಟ್ಸ್ ಸರ್ವೀಸಸ್ ಅಂತ ಸರ್ಕಾರದ್ದೇ ವೆಬ್‌ಸೈಟು, ಮೊಬೈಲ್ ಆ್ಯಪೂ ಇದೆ. ಅದ್ರಲ್ಲಿ ಕೇಸ್ ಸ್ಟೇಟಸ್‌ಗೆ ಹೋಗಿ ಕರ್ನಾಟಕ, ಆಮೇಲೆ ಬೆಂಗಳೂರು, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಿ ಪಾರ್ಟಿ ನೇಮ್ ಅಂತ ಇರೋದ್ರಲ್ಲಿ ಹುಡುಕಿ. ಹೆಸರಿನ ಜೊತೆ ಕೇಸ್ ರಿಜಿಸ್ಟರ್ ಆದ ವರ್ಷ ಹಾಕ್ಬೇಕು. ಚೆಕ್ ಕೊಟ್ಟಿದ್ದು 2019 ಇರಬಹುದು, ಆದ್ರೆ ಚೆಕ್ ಬೌನ್ಸ್ ಆಗಿ ನೋಟಿಸ್ ಕೊಟ್ಟು ಕೇಸ್ ನಂಬರ್ ಆಗೋಷ್ಟ್ರಲ್ಲಿ ವರ್ಷ ದಾಟಿರುತ್ತೆ, ಅದಕ್ಕೆ 2019ರಿಂದ ಒಂದೊಂದೇ ವರ್ಷ ಹಾಕ್ತಾ ಬನ್ನಿ, ಪೆಂಡಿಂಗ್ ಮಾತ್ರ ಅಂತ ಇರೋದನ್ನ ಬೋತ್ ಅಂತ ಮಾಡ್ಕೊಳ್ಳಿ.

ಇನ್ನೊಂದು, ಬೆಂಗಳೂರಲ್ಲಿ ಕೋರ್ಟ್ ಒಂದೇ ಕಡೆ ಇಲ್ಲ. ನೃಪತುಂಗ ರಸ್ತೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಸಿಗ್ಲಿಲ್ಲ ಅಂದ್ರೆ ಮೇಯೋ ಹಾಲ್ ನೋಡಿ, ಸ್ಮಾಲ್ ಕಾಸಸ್ (ಸಣ್ಣ ವ್ಯಾಜ್ಯಗಳ ಕೋರ್ಟ್) ನೋಡಿ. ಚೆಕ್ ಕೇಸುಗಳು ಸ್ಮಾಲ್ ಕಾಸಸ್ ಜಡ್ಜ್‌ಗಳ ಹತ್ರನೂ ನಡೆಯುತ್ತೆ, ಹೊಸಬರಿಗೆ ಇದು ಗೊತ್ತಿರಲ್ಲ.

ಹೇಮಾವತಿ_ದಡ:
ಸರ್ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಹನ್ನೊಂದರ ತನಕ ಕೂತು ಮೂರು ಕಾಂಪ್ಲೆಕ್ಸಲ್ಲೂ ನೋಡಿದೆ, ಅಣ್ಣನ ಪೂರ್ತಿ ಹೆಸರು ಆಧಾರಲ್ಲಿ ಇರೋ ಹಂಗೇ ಹಾಕಿದೆ, ಒಂದೂ ಬರ್ಲಿಲ್ಲ. ಹಂಗಾದ್ರೆ ಆ ಪೇದೆ ಬಂದಿದ್ದೇ ಸುಳ್ಳಾ? ಈಗ ಡಿಜಿಟಲ್ ಅರೆಸ್ಟ್ ಅಂತೆಲ್ಲ ಮೋಸ ನಡೀತಿದ್ಯಲ್ಲ, ಹಂಗೇನಾದ್ರೂ ಇರಬಹುದಾ ಅಂತ ಅಪ್ಪ ಕೇಳ್ತಿದ್ದಾರೆ.

ಮಲ್ಲಿಗೆ_ಬಳ್ಳಿ:
ತಂಗಿ, ಪೂರ್ತಿ ಹೆಸರು ಹಾಕ್ಬೇಡಮ್ಮ. ನಮ್ಮ ತಂದೆ ಕೇಸಲ್ಲಿ ನಾನೂ ಇದೇ ಪಾಡು ಪಟ್ಟಿದ್ದೀನಿ. ಕೋರ್ಟಲ್ಲಿ ಹೆಸರು ಟೈಪ್ ಮಾಡಿರೋದು ಇಂಗ್ಲಿಷಲ್ಲಿ, ದೂರು ಹಾಕಿದೋರು ಹೆಂಗೆ ಬರೆದ್ರೋ ಹಂಗೇ ಇರುತ್ತೆ, ಆಧಾರ್‌ಗೂ ಅದಕ್ಕೂ ಸಂಬಂಧ ಇರಲ್ಲ. ಮಂಜುನಾಥ ಅನ್ನೋ ಒಂದು ಹೆಸರನ್ನೇ ತಗೊಳ್ಳಿ, ಟಿ ಆದ್ಮೇಲೆ ಎಚ್ ಇರುತ್ತೆ ಇಲ್ದೆ ಇರುತ್ತೆ, ಕೊನೇಲಿ ಎ ಇರುತ್ತೆ ಇಲ್ದೆ ಇರುತ್ತೆ, ಇನಿಷಿಯಲ್ ಮುಂದೆ ಹಾಕಿರ್ತಾರೆ ಹಿಂದೆ ಹಾಕಿರ್ತಾರೆ, ಮಧ್ಯೆ ಚುಕ್ಕಿ ಬೇರೆ. ಹೆಸರಿನ ಮೊದಲ ನಾಕೈದು ಅಕ್ಷರ ಮಾತ್ರ ಹಾಕು. ಲಿಸ್ಟ್ ಉದ್ದ ಬರುತ್ತೆ, ಬೇಜಾರಾಗುತ್ತೆ, ಆದ್ರೂ ಕೂತು ನೋಡು. ಅದಕ್ಕಿಂತ ಸುಲಭ ಅಂದ್ರೆ ಆ ಫೈನಾನ್ಸಿನ ಹೆಸರು ಹಾಕಿ ಹುಡುಕೋದು, ದೂರುದಾರರೂ ಪಾರ್ಟಿನೇ ಅಲ್ವಾ. ನನಗೆ ಸಿಕ್ಕಿದ್ದೇ ಹಂಗೆ, ನಮ್ಮಪ್ಪನ ಹೆಸರಲ್ಲಿ ಒಂದು ಅಕ್ಷರ ಬಿಟ್ಟೇಹೋಗಿತ್ತು.

ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲೇ ಇಲ್ಲ. ವಿಡಿಯೋ ಕಾಲಲ್ಲಿ ಕೂರಿಸ್ಕೊಂಡು ವಾರೆಂಟ್ ತೋರಿಸಿ ದುಡ್ಡು ಹಾಕು ಅಂದ್ರೆ ಫೋನ್ ಇಟ್ಟು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡೋದು, ಅಷ್ಟೇ. ಆದ್ರೆ ನಿಮ್ಮದು ಹಂಗಲ್ಲ ಅನ್ಸುತ್ತೆ, ಮನೆ ಬಾಗಿಲಿಗೆ ಬಂದು ವಿಳಾಸ ಕೇಳಿ ಹೋಗಿದ್ದಾರೆ, ದುಡ್ಡಿನ ಮಾತೇ ಎತ್ತಿಲ್ಲ.

ಗುಮಾಸ್ತ_ಶಿವಣ್ಣ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ಸಿಎನ್‌ಆರ್ ನಂಬರ್, ಅಂದ್ರೆ ಪ್ರತಿ ಕೇಸಿಗೂ ಇರೋ ಅದರದ್ದೇ ನಂಬರ್, ಸಿಕ್ಕಿದ ತಕ್ಷಣ ಬರೆದಿಟ್ಕೊಳ್ಳಿ ಅನ್ನೋದು. ಅಕ್ಷರ ಅಂಕಿ ಸೇರಿ ಒಟ್ಟು 16 ಇರುತ್ತೆ, ನಮ್ಮ ರಾಜ್ಯದ್ದು ಕೆಎ ಅಂತ ಶುರುವಾಗುತ್ತೆ, ಕೊನೇ 4 ಅಂಕಿ ವರ್ಷ. ಆಮೇಲೆ ಹೆಸರಿನ ಗೊಡವೆನೇ ಇಲ್ಲ, ಅದೊಂದನ್ನ ಹಾಕಿದ್ರೆ ನೇರ ಕೇಸೇ ಬರುತ್ತೆ.

ಕೇಸ್ ತೆಗೆದಾಗ ಕೆಳಗೆ ಹಿಸ್ಟರಿಯಲ್ಲಿ ಪ್ರತಿ ಡೇಟೂ ಇರುತ್ತೆ. ಆ ಡೇಟ್ ಮೇಲೆ ಒತ್ತಿದ್ರೆ ಆ ದಿನ ಏನಾಯ್ತು ಅಂತ ಒಂದೆರಡು ಸಾಲು ಬರುತ್ತೆ. ಅದನ್ನ ಕೆಳಗಿಂದ ಮೇಲಕ್ಕಲ್ಲ, ಮೊದಲ ಡೇಟಿಂದ ಓದಿ. ಮೊದಲು ಸಮನ್ಸ್, ಆಮೇಲೆ ಬಿಡಬ್ಲ್ಯೂ ಅಂತ ಇದ್ರೆ ಅದು ಜಾಮೀನು ಸಿಗೋ ವಾರೆಂಟು, ಎನ್‌ಬಿಡಬ್ಲ್ಯೂ ಅಂತ ಇದ್ರೆ ಜಾಮೀನುರಹಿತ. ಎನ್‌ಬಿಡಬ್ಲ್ಯೂ ಅಂದಾಕ್ಷಣ ಎದೆ ಒಡ್ಕೋಬೇಡಿ. 138 ಜಾಮೀನು ಸಿಗೋ ಅಪರಾಧನೇ, ಕೋರ್ಟಿಗೆ ಬರಲಿಲ್ಲ ಅನ್ನೋ ಕಾರಣಕ್ಕೆ ಹಾಗೆ ಇಷ್ಯೂ ಮಾಡಿರ್ತಾರೆ. ಮೊದಲು ಸಮನ್ಸ್, ಅದಕ್ಕೂ ಬರದಿದ್ರೆ ಬೇಲೆಬಲ್ ವಾರೆಂಟ್, ಆಮೇಲೆ ಎನ್‌ಬಿಡಬ್ಲ್ಯೂ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗ್ಬೇಕು ಅಂತ ಸುಪ್ರೀಂ ಕೋರ್ಟೇ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಕೇಸಲ್ಲಿ ಹೇಳಿದೆ.

ಒಂದು ಮಾತ್ರ ತಲೇಲಿರಲಿ. ವಾರೆಂಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ, ಕೋರ್ಟ್ ರದ್ದು ಮಾಡೋ ತನಕ ಅಥವಾ ಜಾರಿ ಆಗೋ ತನಕ ಜೀವಂತ. ಮತ್ತೆ ದೇಶದಲ್ಲಿ ಎಲ್ಲಿ ಬೇಕಾದ್ರೂ ಜಾರಿ ಮಾಡಬಹುದು, ಊರಲ್ಲಿದ್ದೀವಿ ಬೆಂಗಳೂರು ಪೊಲೀಸರು ಇಲ್ಲಿಗ್ಯಾಕೆ ಬರ್ತಾರೆ ಅಂತ ಕೂತ್ಕೋಬೇಡಿ.

ಫೋನಲ್ಲಿ ನೋಡೋಕೆ ತಲೆನೋವಾದ್ರೆ ಕೋರ್ಟ್ ಆವರಣದಲ್ಲಿ ಇ-ಸೇವಾ ಕೇಂದ್ರ ಇರುತ್ತೆ, ಹೋಗಿ ಕೇಳಿದ್ರೆ ಸ್ಟೇಟಸ್ ನೋಡಿ ಹೇಳ್ತಾರೆ.

ರಾತ್ರಿ_ಪಾಳಿ:
ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ, ನನ್ನದು ಸ್ವಲ್ಪ ಬೇರೆ. ನಮ್ಮ ಚಿಕ್ಕಪ್ಪನ ಮಗನ್ನ ಇವತ್ತು ಬೆಳಗ್ಗೆ ಯಾವುದೋ ಗಲಾಟೆ ವಿಷಯಕ್ಕೆ ಕರ್ಕೊಂಡು ಹೋಗಿದ್ದಾರೆ, ಯಾವ ಠಾಣೆ ಅಂತ ಗೊತ್ತಿಲ್ಲ, ಫೋನ್ ಸ್ವಿಚಾಫ್. ಅರೆಸ್ಟ್ ಆಗಿದ್ಯಾ ಇಲ್ವಾ ಅಂತ ಇ-ಕೋರ್ಟ್ಸಲ್ಲಿ ಬರುತ್ತಾ?

ಗುಮಾಸ್ತ_ಶಿವಣ್ಣ:
ಇವತ್ತಿನ ಅರೆಸ್ಟ್ ಅಲ್ಲಿ ಬರಲ್ಲ ಸರ್, ಅದನ್ನ ನಂಬ್ಕೊಂಡು ಟೈಮ್ ಕಳೀಬೇಡಿ. ಘಟನೆ ಆದ ಜಾಗ ಯಾವ ಠಾಣೆಗೆ ಸೇರುತ್ತೋ ಅಲ್ಲಿಗೆ ಮೊದಲು ಹೋಗಿ, ಅಲ್ಲಿ ಇಲ್ಲ ಅಂದ್ರೆ ಪೊಲೀಸ್ ಕಂಟ್ರೋಲ್ ರೂಮಿಗೆ ಕೇಳಿ, 112ಕ್ಕೆ ಮಾಡಿದ್ರೂ ಆಗುತ್ತೆ. 2024 ಜುಲೈ 1ರಿಂದ ಜಾರಿಯಲ್ಲಿರೋ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್ ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕೆಳಗಿಲ್ಲದ ಒಬ್ಬ ಅಧಿಕಾರಿ ಇದಕ್ಕೆ ಜವಾಬ್ದಾರಿ, ಅರೆಸ್ಟ್ ಆದೋರ ಹೆಸರು, ವಿಳಾಸ, ಯಾವ ಅಪರಾಧ ಅನ್ನೋದನ್ನ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣೋ ಹಂಗೆ ಹಾಕ್ಬೇಕು. ಅರೆಸ್ಟ್ ಮಾಡಿದ್ರೆ ಮನೆಯವರಿಗೆ ಅಥವಾ ಅವನು ಹೇಳಿದೋರಿಗೆ ತಿಳಿಸೋದೂ ಅವರ ಕರ್ತವ್ಯ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಲೇಬೇಕು, ಅದಕ್ಕೆ ಆ ಠಾಣೆ ಯಾವ ಕೋರ್ಟಿಗೆ ಬರುತ್ತೆ ಅಂತ ಈಗಲೇ ತಿಳ್ಕೊಂಡು ಯಾರಾದ್ರೂ ಒಬ್ಬರು ಅಲ್ಲೇ ಇರಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100, ಕಾನೂನು ಸೇವಾ ಪ್ರಾಧಿಕಾರದ ನಂಬರು, ಕಸ್ಟಡಿಯಲ್ಲಿರೋರಿಗೆ ವಕೀಲರು ಉಚಿತ.

ಎಫ್‌ಐಆರ್ ಆಗಿದ್ರೆ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕ್ಬೇಕು ಅಂತ 2016ರ ಸುಪ್ರೀಂ ಕೋರ್ಟ್ ಆದೇಶ ಇದೆ, ತೊಂದರೆ ಇದ್ರೆ 72 ಗಂಟೆ ತನಕ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಇಂಥ ಸೂಕ್ಷ್ಮ ಕೇಸುಗಳದ್ದು ಹಾಕಲ್ಲ. ಠಾಣೆಗೆ ಹೋದಾಗ ನಂಬರ್ ಕೇಳಿ ಬರ್ಕೊಂಡು ಬನ್ನಿ.

ಮೂರನೇ_ಮಹಡಿ:
ಒಳ್ಳೇ ಮಾಹಿತಿ. ನಮ್ಮ ಮನೆಗೆ ಬಾಡಿಗೆಗೆ ಬರ್ತಿರೋ ಹುಡುಗನ ಹೆಸರು ಇದೇ ಥರ ಹಾಕಿ ನೋಡಿದೆ, ಎರಡು ಕ್ರಿಮಿನಲ್ ಕೇಸ್ ತೋರಿಸ್ತಿದೆ. ಮನೆ ಕೊಡಲ್ಲ ಅಂದ್ಬಿಡ್ಲಾ?

ಮಲ್ಲಿಗೆ_ಬಳ್ಳಿ:
ದಯವಿಟ್ಟು ಹಂಗೆ ಮಾಡ್ಬೇಡಿ. ಆ ಲಿಸ್ಟಲ್ಲಿ ಹೆಸರು ಬಿಟ್ಟು ಇನ್ನೇನಿದೆ ಹೇಳಿ? ಫೋಟೋ ಇಲ್ಲ, ಹುಟ್ಟಿದ ದಿನ ಇಲ್ಲ. ಒಂದೇ ಹೆಸರಿನವರು ಬೆಂಗಳೂರಲ್ಲಿ ಎಷ್ಟು ಜನ ಇರ್ತಾರೆ. ನಮ್ಮಪ್ಪನ ಹೆಸರಿನ ಬೇರೆ ಒಬ್ಬರ ಮೇಲೆ ಕಳ್ಳತನದ ಕೇಸ್ ಇತ್ತು, ಸಂಬಂಧಿಕರೊಬ್ಬರು ಅದನ್ನ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ರು, ಅಪ್ಪ ಒಂದು ವಾರ ಮನೆಯಿಂದ ಆಚೆ ಬರ್ಲಿಲ್ಲ. ಕೇಸ್ ಅವನದ್ದೇ ಆಗಿದ್ರೂ ಖುಲಾಸೆ ಆಗಿರಬಹುದು, ಅದನ್ನ ಓದಿದ್ರಾ? ನಿಮಗೆ ನಿಜವಾಗ್ಲೂ ಬೇಕಿದ್ರೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತಂದುಕೊಡು ಅಂತ ಆ ಹುಡುಗನ್ನೇ ಕೇಳಿ, ಸೇವಾ ಸಿಂಧುವಲ್ಲಿ ಅರ್ಜಿ ಹಾಕಬಹುದು.

ಹೇಮಾವತಿ_ದಡ:
ಸಿಕ್ತು!! ಫೈನಾನ್ಸ್ ಹೆಸರು, 2020, ಸ್ಮಾಲ್ ಕಾಸಸ್. ಅಣ್ಣನ ಹೆಸರಲ್ಲಿ ಇನಿಷಿಯಲ್ಲೇ ಬೇರೆ ಹಾಕಿದ್ದಾರೆ, ಅದಕ್ಕೇ ಬಂದಿರ್ಲಿಲ್ಲ. ಹಿಸ್ಟರಿ ಓದಿದೆ ಸರ್. ಸಮನ್ಸ್ ಮೂರು ಸಲ ವಾಪಸ್, ಮನೆ ಬಿಟ್ಟಿದ್ದಾರೆ ಅಂತ. ಆಮೇಲೆ ಬಿಡಬ್ಲ್ಯೂ, ಆಮೇಲೆ ಪ್ರತಿ ಡೇಟಲ್ಲೂ ಆರೋಪಿ ಗೈರು, ಎನ್‌ಬಿಡಬ್ಲ್ಯೂ ರೀಇಷ್ಯೂ, ಆರೋಪಿ ಗೈರು, ಎನ್‌ಬಿಡಬ್ಲ್ಯೂ ರೀಇಷ್ಯೂ. ಅಣ್ಣ ಪಕ್ಕದಲ್ಲೇ ಕೂತು ನೋಡ್ತಿದ್ದ, ಒಂದು ಮಾತಾಡ್ಲಿಲ್ಲ, ಕೊನೆಗೆ ನಾನು ಹೋಗ್ತೀನಿ ಅಂದ. ಮುಂದಿನ ಡೇಟಿಗೆ ಇನ್ನೂ ಒಂದೂವರೆ ತಿಂಗಳಿದೆ. ಅಲ್ಲೀ ತನಕ ಕಾಯ್ಬೇಕಾ?

ಗುಮಾಸ್ತ_ಶಿವಣ್ಣ:
ಕಾಯಬೇಡಿ. ವಕೀಲರನ್ನ ಇಟ್ಕೊಂಡು ವಕಾಲತ್ತು ಹಾಕಿ, ಡೇಟ್ ಮುಂಚೆಗೆ ತಗೊಳ್ಳೋಕೆ ಅಡ್ವಾನ್ಸ್‌ಮೆಂಟ್ ಅರ್ಜಿ, ಜೊತೆಗೇ ವಾರೆಂಟ್ ರೀಕಾಲ್ (ವಾಪಸ್ ತಗೊಳ್ಳೋ) ಅರ್ಜಿ. ಅಣ್ಣ ಖುದ್ದು ಇರಬೇಕು. ಮನೆ ಬದಲಾಯಿಸಿದ್ದು, ಸಮನ್ಸ್ ಕೈಗೆ ಸಿಗದೇ ಇದ್ದದ್ದು ನಿಮ್ಮ ಕಾರಣ, ಅದಕ್ಕೆ ಹಳೇ ಬಾಡಿಗೆ ಕರಾರು ಇದ್ರೆ ತನ್ನಿ, ಊರಿನ ವಿಳಾಸದ ದಾಖಲೆ ತನ್ನಿ. ತಾನೇ ಬಂದೋರನ್ನ ಕೋರ್ಟ್ ನೋಡೋ ರೀತಿನೇ ಬೇರೆ ಇರುತ್ತೆ, ನಾನು ಕಂಡಿದ್ದೀನಿ. ಬಾಂಡ್ ಬರೆಸ್ಕೊಂಡು ಶ್ಯೂರಿಟಿ ಕೇಳಬಹುದು, ಶ್ಯೂರಿಟಿ ಕೊಡೋರು ಪಹಣಿ, ಆಧಾರ್ ಎಲ್ಲಾ ಒರಿಜಿನಲ್ ಇಟ್ಕೊಂಡು ಬರಲಿ, ಒಂದು ಪಹಣಿ ಮರೆತು ಮಧ್ಯಾಹ್ನದ ತನಕ ಕಾರಿಡಾರಲ್ಲಿ ಕೂತೋರನ್ನ ಎಷ್ಟೋ ಸಲ ನೋಡಿದ್ದೀನಿ.

ರೀಕಾಲ್ ಆದ್ಮೇಲೆ ಅರ್ಧ ಜನ ಮನೆಗೆ ಹೋಗ್ಬಿಡ್ತಾರೆ. ವಾರೆಂಟ್ ಕಾಗದ ಇನ್ನೂ ಠಾಣೆಯಲ್ಲೇ ಇರುತ್ತೆ, ಕೋರ್ಟಿಂದ ಅಲ್ಲಿಗೆ ರೀಕಾಲ್ ಇಂಟಿಮೇಶನ್ ತಲುಪಬೇಕು. ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ, ಸಿಕ್ಕಿದ್ಮೇಲೆ ಒಂದು ಜೆರಾಕ್ಸ್ ಠಾಣೆಗೆ ಕೊಟ್ಟು ಇನ್ನೊಂದ್ರ ಮೇಲೆ ಸೀಲ್ ಹಾಕಿಸ್ಕೊಂಡು ಬನ್ನಿ.

ಹೇಮಾವತಿ_ದಡ:
ಹನ್ನೆರಡು ದಿನ ಆದ್ಮೇಲೆ ಬರೀತಿದ್ದೀನಿ. ನಿನ್ನೆ ರೀಕಾಲ್ ಆಯ್ತು. ನಮ್ಮ ಮಾವ ಶ್ಯೂರಿಟಿ ಕೊಟ್ರು, ಪಹಣಿ ಎರಡೆರಡು ಕಾಪಿ ತಗೊಂಡು ಹೋಗಿದ್ವಿ. ಜಡ್ಜ್ ಅಣ್ಣನ್ನ ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಕೇಳಿದ್ರು, ಅವನು ಇದ್ದದ್ದು ಇದ್ದ ಹಂಗೆ ಹೇಳಿದ. ಖಾಲಿ ಚೆಕ್ಕಲ್ಲಿ ಅವರು ಬರ್ಕೊಂಡಿರೋ ಮೊತ್ತ ಸಾಲಕ್ಕಿಂತ ಜಾಸ್ತಿ ಇದೆ, ಅದನ್ನ ಕೇಸಲ್ಲಿ ಎತ್ತೋಣ, ರಾಜಿಗೂ ದಾರಿ ಇದೆ ಅಂತ ವಕೀಲರು ಹೇಳಿದ್ದಾರೆ. ಸರ್ಟಿಫೈಡ್ ಕಾಪಿ ಇನ್ನೆರಡು ದಿನಕ್ಕೆ ಸಿಗುತ್ತಂತೆ, ತಗೊಂಡು ಠಾಣೆಗೆ ನಾನೇ ಅಣ್ಣನ ಜೊತೆ ಹೋಗ್ತೀನಿ. ಶಿವಣ್ಣ ಸರ್, ಮಲ್ಲಿಗೆ ಅಕ್ಕ, ನಿಮ್ಮ ಋಣ ದೊಡ್ಡದು. ರಾತ್ರಿ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ರು, ಮೂರು ಜನಕ್ಕೂ ಅವರೇ ಬಡಿಸಿ ಜೊತೆಗೆ ಕೂತು ಊಟ ಮಾಡಿದ್ರು.